ಪೆಟ್ಟಿಗೆಯೊಳಗೆ ಏನಿದೆ ಸ್ವಾಮಿ?

ವಿಮಾನ ಹತ್ತುವ ಮುಂಚೆ ಸೂಟ್‌ಕೇಸಿನಿಂದ ಪವರ್‌ಬ್ಯಾಂಕ್ ತೆಗೆಸಿ ಕೈಚೀಲಕ್ಕೆ ಹಾಕಿಸುತ್ತಾರಲ್ಲ, ಅದಕ್ಕೆ ಗೊಣಗದ ಪ್ರಯಾಣಿಕ ಇಲ್ಲ. ನನ್ನ ಮಟ್ಟಿಗೆ ಆ ನಿಯಮ ಸರಿಯಾಗಿಯೇ ಇದೆ. ಹೊತ್ತಿಕೊಳ್ಳುವುದಾದರೆ ಕಣ್ಣೆದುರೇ ಹೊತ್ತಿಕೊಳ್ಳಲಿ, ನೀರು ಸುರಿಯಲು ಜನ ಇರುತ್ತಾರೆ ಅನ್ನುವುದು ಅದರ ತರ್ಕ. ನನ್ನ ತಕರಾರು ಬೇರೆ. ನಮ್ಮ ಒಂದು ಪವರ್‌ಬ್ಯಾಂಕಿಗೆ ಇಷ್ಟು ಕಟ್ಟುನಿಟ್ಟು. ಅದೇ ವಿಮಾನದ ಹೊಟ್ಟೆಯಲ್ಲಿ, ನಮ್ಮ ಕಾಲಡಿಯಲ್ಲೇ, ಯಾರ್ಯಾರೋ ಕಳಿಸಿದ ಪೆಟ್ಟಿಗೆಗಳ ರಾಶಿ ಇರುತ್ತದೆ. ಅವುಗಳೊಳಗೆ ಏನಿದೆ ಅಂತ ಗೊತ್ತಾಗುವುದು ಹೇಗೆ? ಮುಖ್ಯವಾಗಿ, ಕಳಿಸಿದವನು ಕಾಗದದಲ್ಲಿ ಬರೆದದ್ದನ್ನು ನಂಬಿ!

ಎಕ್ಸ್‌ರೇ ಇದೆಯಲ್ಲ ಅನ್ನುತ್ತೀರಿ. ಇದೆ. ಅದು ಬಾಂಬು ಹುಡುಕುವುದಕ್ಕೆ. ಡ್ರಮ್ಮಿನೊಳಗಿನ ದ್ರವದ ಹೆಸರೇನು ಅಂತ ಎಕ್ಸ್‌ರೇ ಹೇಳುವುದಿಲ್ಲ.

ನಾನಿರುವ ಮದ್ರಾಸಿಗೇ ಸಂಬಂಧಪಟ್ಟ ಒಂದು ಪ್ರಕರಣ ಕೇಳಿ. 2000ದ ಮಾರ್ಚ್‌ನಲ್ಲಿ ಬೀಜಿಂಗ್‌ನಿಂದ ಮಲೇಷಿಯಾ ಏರ್‌ಲೈನ್ಸ್‌ನ ಏರ್‌ಬಸ್ ಎ330 ವಿಮಾನ ಕೌಲಾಲಂಪುರಕ್ಕೆ ಬಂತು. ಅದರಲ್ಲಿ ಚೆನ್ನೈಗೆ ಹೊರಟಿದ್ದ 80 ಡಬ್ಬಿ ರಾಸಾಯನಿಕ. ಕಾಗದದ ಮೇಲೆ ಹೈಡ್ರಾಕ್ಸಿಕ್ವಿನೊಲಿನ್ ಎಂಬ ಪುಡಿ. ಡಬ್ಬಿಯೊಳಗೆ ಇದ್ದದ್ದು ಆಕ್ಸಾಲಿಲ್ ಕ್ಲೋರೈಡ್ ಎಂಬ ದ್ರವ! ತೇವ ತಾಗಿದರೆ ಸಾಕು, ಆಮ್ಲದ ಹೊಗೆ ಎಬ್ಬಿಸಿ ಲೋಹವನ್ನೇ ತಿನ್ನುವಂಥದ್ದು. ಅದು ಸೋರಿತು. ಸಾಮಾನು ಇಳಿಸುತ್ತಿದ್ದ ಐವರು ಕೆಲಸಗಾರರು ಅಸ್ವಸ್ಥರಾದರು. ಇನ್ನೂ ಹೊಸದೆನ್ನಬಹುದಾದ ವಿಮಾನ ಮತ್ತೆ ಹಾರಲೇ ಇಲ್ಲ, ಗುಜರಿಗೆ ಹೋಯಿತು. 2007ರಲ್ಲಿ ಚೀನಾದ ನ್ಯಾಯಾಲಯ ಕಳಿಸಿದ ಕಂಪನಿಯ ಮೇಲೆ ಕೋಟ್ಯಂತರ ಡಾಲರ್ ಪರಿಹಾರ ಹೊರಿಸಿತು. ಏಳು ವರ್ಷದ ನಂತರ! ನೆಲದ ಮೇಲೆ ಗೊತ್ತಾಯಿತು, ಜೀವಗಳು ಉಳಿದವು. ಆಕಾಶದಲ್ಲಿ ಸೋರಿದ್ದರೆ?

ಆಕಾಶದಲ್ಲಿ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1996ರ ಮೇ 11. ಅಮೆರಿಕದ ಮಯಾಮಿಯಿಂದ ಹೊರಟ ವ್ಯಾಲ್ಯುಜೆಟ್ 592 ಸುಮಾರು ಹತ್ತೇ ನಿಮಿಷದಲ್ಲಿ ಜೌಗು ನೆಲಕ್ಕೆ ಬಿತ್ತು. 110 ಜನ ಸತ್ತರು. ಬೇರೆ ವಿಮಾನಗಳಿಂದ ತೆಗೆದ, ಅವಧಿ ಮುಗಿದ ಆಕ್ಸಿಜನ್ ಜನರೇಟರುಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಚಕ್ರಗಳ ಜೊತೆ ಏರಿಸಿದ್ದರು. ಇವು ಒಮ್ಮೆ ಚಾಲೂ ಆದರೆ ಕೆಂಡದಂತೆ ಕಾಯುತ್ತವೆ, ಮೇಲಿಂದ ಬೆಂಕಿಗೆ ಬೇಕಾದ ಆಮ್ಲಜನಕವನ್ನೂ ತಾವೇ ಕೊಡುತ್ತವೆ. ಅದು ಚಾಲೂ ಆಗದಂತೆ ಹಾಕಬೇಕಾದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಹಾಕಿರಲಿಲ್ಲ. ಹಾಕಿದ್ದೇವೆ ಅಂತ ಸಹಿ ಮಾತ್ರ ಇತ್ತು. ಸಾಗಣೆ ಚೀಟಿಯಲ್ಲಿ ಏನಿತ್ತು ಗೊತ್ತೇ? 'ಖಾಲಿ'!

ಇನ್ನೂ ಸಿಟ್ಟು ಬರಿಸುವ ಸಂಗತಿ ಬೇರೆ ಇದೆ. 1988ರಲ್ಲೇ ಅಮೆರಿಕನ್ ಏರ್‌ಲೈನ್ಸ್ ವಿಮಾನವೊಂದರಲ್ಲಿ ಘೋಷಿಸದೆ ಕಳಿಸಿದ್ದ ಹೈಡ್ರೋಜನ್ ಪೆರಾಕ್ಸೈಡ್ ಸೋರಿ ಬೆಂಕಿ ಹತ್ತಿತ್ತು, ಪ್ರಯಾಣಿಕರು ಹೇಗೋ ಬದುಕಿದರು. ಇಂಥ ಸರಕು ಕೋಣೆಗಳಿಗೆ ಹೊಗೆ ಪತ್ತೆ ಯಂತ್ರ, ಬೆಂಕಿ ಆರಿಸುವ ವ್ಯವಸ್ಥೆ ಬೇಕು ಅಂತ ತನಿಖೆ ಮಾಡಿದವರು ಆಗಲೇ ಹೇಳಿದ್ದರು. ಖರ್ಚು ಜಾಸ್ತಿ ಅಂತ ಸರ್ಕಾರಿ ಇಲಾಖೆ ತಳ್ಳಿಹಾಕಿತು. ನಿಯಮ ಬಂದದ್ದು 110 ಹೆಣ ಬಿದ್ದು ಎರಡು ವರ್ಷವಾದ ಮೇಲೆ, 1998ರಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಲಿಥಿಯಂ ಬ್ಯಾಟರಿಯದ್ದೂ ಇದೇ ಕಥೆ. 2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಯುಪಿಎಸ್‌ನ 747 ಸರಕು ವಿಮಾನ ಹೊತ್ತಿ ಬಿತ್ತು. ಹೊಗೆ ತುಂಬಿ ಪೈಲಟ್‌ಗೆ ಎದುರಿನ ಮೀಟರುಗಳೇ ಕಾಣಲಿಲ್ಲ. ಇಬ್ಬರೂ ಸತ್ತರು. ಆ ಸರಕಿನಲ್ಲಿ ಅಪಾಯಕಾರಿ ಅಂತ ಘೋಷಿಸಬೇಕಿದ್ದ ಬ್ಯಾಟರಿಗಳನ್ನು ಹಾಗೆ ಘೋಷಿಸದೆ ಕಳಿಸಿದ್ದರು ಅಂತ ತನಿಖೆ ಹೇಳಿತು. ಮರುವರ್ಷ ಜುಲೈನಲ್ಲಿ ಕೊರಿಯಾದ ಏಷಿಯಾನಾ ಸರಕು ವಿಮಾನ ಸಮುದ್ರಕ್ಕೆ ಬಿತ್ತು, ಮತ್ತಿಬ್ಬರು. ಪ್ರಯಾಣಿಕ ವಿಮಾನದಲ್ಲಿ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸರಕಾಗಿ ಒಯ್ಯಬಾರದು ಅಂತ ಅಂತಾರಾಷ್ಟ್ರೀಯ ನಿಯಮ ಜಾರಿಯಾದದ್ದು 2016ರ ಏಪ್ರಿಲ್‌ನಲ್ಲಿ.

ಹಾಗಾದರೆ ಅಪಾಯದ ಸಾಮಾನು ವಿಮಾನದಲ್ಲಿ ಬೇಡವೇ ಬೇಡ ಅನ್ನುವವರಿದ್ದಾರೆ. ಅದು ಮೂರ್ಖತನ. ನವಿ ಮುಂಬೈಯ ವಾಶಿಯಲ್ಲಿರುವ ಬ್ರಿಟ್ ಸಂಸ್ಥೆಯಿಂದ ದೇಶದ ಆಸ್ಪತ್ರೆಗಳಿಗೆ ಹೋಗುವ ವಿಕಿರಣ ಔಷಧಗಳನ್ನೇ ನೋಡಿ. ಸ್ಕ್ಯಾನಿಗೆ ಬೇಕಾದ ಮಾಲಿಬ್ಡಿನಮ್-99 ಸುಮಾರು 66 ಗಂಟೆಯಲ್ಲಿ ಅರ್ಧ ಕರಗಿ ಹೋಗುತ್ತದೆ. ಲಾರಿಯಲ್ಲಿ ದೇಶ ಸುತ್ತಿಸಿದರೆ ರೋಗಿಗೆ ಏನು ಉಳಿಯುತ್ತದೆ? ಸೀಸದ ಕವಚ, ಗುರುತಿನ ಚೀಟಿ, ತರಬೇತಿ ಪಡೆದವನ ಸಹಿ ಇರುವ ಆ ಪೆಟ್ಟಿಗೆ ನನಗೆ ಹೆದರಿಕೆ ಹುಟ್ಟಿಸುವುದಿಲ್ಲ. ಯಾವ ಗುರುತೂ ಇಲ್ಲದೆ 'ಮನೆಬಳಕೆ ಸಾಮಾನು' ಅಂತ ಬರೆದ ರಟ್ಟಿನ ಡಬ್ಬ ಹೆದರಿಸುತ್ತದೆ.

ಈ ಸುಳ್ಳು ಯಾಕೆ ಹುಟ್ಟುತ್ತದೆ? ನಿಜ ಹೇಳಿದರೆ ದುಬಾರಿ. ವಿಶೇಷ ಪ್ಯಾಕಿಂಗ್, ಪ್ರಮಾಣಪತ್ರ, ಹೆಚ್ಚು ಶುಲ್ಕ, ತಡ. ಸುಳ್ಳು ಹೇಳಿದರೆ ಇದ್ಯಾವುದೂ ಇಲ್ಲ. ಊರು ಬಿಟ್ಟ ನಾವು ಕೊರಿಯರ್ ಅಂಗಡಿಗಳ ಖಾಯಂ ಗಿರಾಕಿಗಳು. ಸೆಂಟು, ಹಳೇ ಮೊಬೈಲು ತಂದವರಿಗೆ 'ಗಿಫ್ಟ್ ಅಂತ ಬರೀರಿ ಸಾರ್, ಏನೂ ಆಗಲ್ಲ' ಅಂತ ಕೌಂಟರಿನ ಹುಡುಗನೇ ಉಪದೇಶ ಮಾಡುವುದನ್ನು ನಾನೇ ಕೇಳಿದ್ದೇನೆ. ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಯಾರು ಕಲಿಸಿದ್ದಾರೆ?

ನಮ್ಮಲ್ಲಿ ನಿಯಮಕ್ಕೆ ಬರವಿಲ್ಲ. ಅಪಾಯಕಾರಿ ಸರಕುಗಳ ಸಾಗಣೆಗೆಂದೇ 2003ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿದೆ, ನೋಡಿಕೊಳ್ಳಲು ಡಿಜಿಸಿಎ ಇದೆ. ಬೇಕಾದದ್ದು ಮೂರೇ. ಒಂದು, ಸುಳ್ಳು ಘೋಷಣೆಯ ದಂಡ ನಿಜದ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚಿರಲಿ, ಸಿಕ್ಕಿಬಿದ್ದ ಕಂಪನಿಗಳ ಹೆಸರು ಪತ್ರಿಕೆಯಲ್ಲಿ ಬರಲಿ. ಎರಡು, ಆನ್‌ಲೈನ್ ಅಂಗಡಿಗಳು 'ಮಾರಿದವನು ಅವನು, ನಾವಲ್ಲ' ಅಂತ ಕೈತೊಳೆದುಕೊಳ್ಳುವುದು ನಿಲ್ಲಲಿ. ಮೂರು, ಕೌಂಟರಿನಲ್ಲಿ ಏನು ಕಳಿಸಬಾರದು ಅನ್ನುವ ಪಟ್ಟಿ ಪ್ಯಾಕ್ ಮಾಡುವವನಿಗೂ ಕಳಿಸುವವನಿಗೂ ಓದಲು ಬರುವ ಭಾಷೆಯಲ್ಲಿರಲಿ. ಚೆನ್ನೈನಲ್ಲಿ ತಮಿಳು, ಹುಬ್ಬಳ್ಳಿಯಲ್ಲಿ ಕನ್ನಡ. ಇಂಗ್ಲಿಷಿನಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರದಲ್ಲಿ ರಸೀದಿಯ ಹಿಂಬದಿ ಛಾಪಿಸಿದರೆ ಅದು ಎಚ್ಚರಿಕೆಯಲ್ಲ, ಕೋರ್ಟಿನಲ್ಲಿ ತಪ್ಪಿಸಿಕೊಳ್ಳುವ ದಾರಿ.

ಸುಳ್ಳು ಬರೆದವನು ಆ ವಿಮಾನದಲ್ಲಿ ಕೂತಿರುವುದಿಲ್ಲ. ಕೂತಿರುವವರು ಪೈಲಟ್ಟು, ಎತ್ತಿ ಇಳಿಸುವವರು ಲೋಡರುಗಳು, ಮೇಲೆ ನಿದ್ದೆ ಮಾಡುತ್ತಿರುವವರು ನಾವು. ಅಪಾಯ ಹೊರುವವರು ಒಬ್ಬರು, ದುಡ್ಡು ಉಳಿಸುವವರು ಇನ್ನೊಬ್ಬರು ಆಗಿರುವವರೆಗೂ ಇದು ಅಪಘಾತವಲ್ಲ, ಅನ್ಯಾಯ. ನೀವೇನಂತೀರಿ?