ಇದು ಬರಿಯ ಮನೆಯ ಮಾತೇ?

ಹೋಟೆಲಿನ ಕಾವಲಿಯೆದುರು, ಗಿರಣಿಯ ಮಗ್ಗದೆದುರು ಬೆವರಿಳಿಸಿ ಪಡೆದ ಖೋಲಿಯನ್ನು ಮಗನ ಹೆಸರಿಗೆ ಬರೆದುಕೊಟ್ಟ ಹಿರಿಯರು ಪೆಟ್ಟು ತಿಂದು ದೂರು ತಂದರೆ, ಸಾಂತಾಕ್ರೂಜಿನ ನಾವು ‘ಮನೆಯ ಮಾತು’ ಎಂದು ಚಹ ಕುಡಿಸಿ ಕಳುಹಿಸುತ್ತೇವೆ. ನಾಚಿಕೆಯಾಗಬೇಡವೇ? 2007ರ ಹಿರಿಯ ನಾಗರಿಕರ ಕಾಯಿದೆ ಹಾಗೆನ್ನುವುದಿಲ್ಲ. 60 ತುಂಬಿದವರು ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕೈಲಾಗದವರ ಪರವಾಗಿ, ಅವರು ಒಪ್ಪಿದರೆ, ನೋಂದಾಯಿತ ಸಂಘವೇ ಕೊಡಬಹುದು. ಸಾಕಬೇಕೆಂಬ ಷರತ್ತಿನ ದಾನಪತ್ರವನ್ನು, ಮಗ ಮಾತಿಗೆ ತಪ್ಪಿದರೆ, 23ನೇ ಕಲಮಿನಂತೆ ರದ್ದುಮಾಡಿಸಬಹುದು. (ಷರತ್ತು ಬರೆಸದೆ ಹೆಬ್ಬೆಟ್ಟು ಒತ್ತಲೇಬೇಡಿರಿ!)

14567 ಎಂಬ ಸಹಾಯವಾಣಿಯೂ ಉಂಟು. ಆದರೆ ಫೋನು ಕೈಹಿಡಿದು ಕಚೇರಿಯ ಮೆಟ್ಟಿಲು ಹತ್ತಿಸೀತೆ? ಮರಾಠಿ ಕಾಗದವನ್ನು ಕನ್ನಡದಲ್ಲಿ ಓದಿ ಹೇಳೀತೆ? ವರ್ಷಕ್ಕೊಮ್ಮೆ ಹಿರಿಯರಿಗೆ ಶಾಲು ಹೊದಿಸಲು ನಮ್ಮಲ್ಲಿ ಹಣವುಂಟು. ಈ ಕೆಲಸಕ್ಕೆ ಇಬ್ಬರನ್ನು ಮುಂದಿನ ಸಭೆಯಲ್ಲಿಯೇ ನೇಮಿಸಬೇಕೆಂದು ನಾವು ಒತ್ತಾಯಿಸುತ್ತೇವೆ.