ಆನ್‌ಲೈನ್ ಅಂಗಡಿ ತೆರೆಯುವ ಮುನ್ನ ಒಂದು ಲೆಕ್ಕ

ಕಳೆದ ಶ್ರಾವಣದಲ್ಲಿ ಬಸವಕಲ್ಯಾಣದ ಪರಿಚಿತರೊಬ್ಬರ ಮನೆಯಲ್ಲಿ ಹುಮನಾಬಾದಿನ ಸಹೋದರಿಯೊಬ್ಬರ ಭೇಟಿಯಾಯಿತು. ಅವರ ಕೈಯ ಶೇಂಗಾ ಹಿಂಡಿಗೂ ಖಡಕ್ ರೊಟ್ಟಿಗೂ ನೆರೆಹೊರೆಯಲ್ಲಿ ಒಳ್ಳೆಯ ಹೆಸರಿದೆ. "ಅಣ್ಣಾರ, ಸಂಘದಿಂದ ಐವತ್ತು ಸಾವಿರ ಸಾಲ ತಗೋಬೇಕಂತ ಮಾಡೀನ್ರಿ. ಮಗ ಆನ್‌ಲೈನ್‌ದಾಗ ಅಂಗಡಿ ತೆಗೆದು ಕೊಡ್ತಾನ. ಅದಕ್ಕ ಬಾಡಿಗಿ ಇಲ್ಲ, ಖರ್ಚೂ ಇಲ್ಲಂತ" ಎಂದರು. ಅವರ ಮುಖದಲ್ಲಿದ್ದ ಉತ್ಸಾಹವನ್ನು ಕಂಡು ಸಂತೋಷವಾಯಿತು. "ಖರ್ಚಿಲ್ಲ" ಎಂಬ ಮಾತನ್ನು ಕೇಳಿ ಚಿಂತೆಯೂ ಆಯಿತು. ಒಂದು ಹಾಳೆ ತರಿಸಿ ಲೆಕ್ಕಕ್ಕೆ ಕುಳಿತೆವು. ಅದು ಅನೇಕ ಮನೆಗಳಿಗೆ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿ ತೆರೆಯುವುದಕ್ಕೆ ಹೆಚ್ಚು ಹಣ ಬೇಕಿಲ್ಲವೆಂಬುದು ನಿಜ. ಜಿಎಸ್‌ಟಿ ನೋಂದಣಿಗೂ ಸಣ್ಣ ಉದ್ದಿಮೆಗಳ 'ಉದ್ಯಮ್' ನೋಂದಣಿಗೂ ಸರ್ಕಾರಿ ಶುಲ್ಕವಿಲ್ಲ. ತಿನಿಸು ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಕಡ್ಡಾಯ. ಸಣ್ಣ ತಯಾರಕರಿಗೆ ಅದರ ಶುಲ್ಕ ಅಲ್ಪವೇ. ಹೆಸರಿಗೆ ಟ್ರೇಡ್‌ಮಾರ್ಕ್ ಬೇಕೆಂದರೆ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಆಗುತ್ತದೆ. ಅದು ಮೊದಲ ದಿನದ ಅಗತ್ಯವಲ್ಲ. ಖರ್ಚು ಇರುವುದು ಬಾಗಿಲು ತೆರೆಯುವುದರಲ್ಲಲ್ಲ, ಒಂದೊಂದು ಪೊಟ್ಟಣ ಹೊರಗೆ ಹೋಗುವುದರಲ್ಲಿ.

400 ಗ್ರಾಂ ಹಿಂಡಿಯ ಪೊಟ್ಟಣಕ್ಕೆ 250 ರೂಪಾಯಿ ಬೆಲೆಯೆಂದು ಹಿಡಿದೆವು. ಇವು ಉದಾಹರಣೆಯ ಅಂಕಿಗಳು. ತಾಣದಿಂದ ತಾಣಕ್ಕೆ ದರ ಬೇರೆಯಾಗುತ್ತದೆ. ಶೇಂಗಾ, ಬೆಳ್ಳುಳ್ಳಿ, ಖಾರ, ಗ್ಯಾಸ್ ಸೇರಿ 90 ರೂಪಾಯಿ ಎಂದರು. "ನಿಮ್ಮ ಕೂಲಿ?" ಎಂದೆ. "ನನಗ್ಯಾತರ ಕೂಲಿ?" ಎಂದು ನಕ್ಕರು. ಕಾಯಕದ ನೆಲದಲ್ಲಿ ಕುಳಿತು ಹೆಣ್ಣುಮಗಳ ದುಡಿಮೆಗೆ ಬೆಲೆಯಿಲ್ಲವೆಂದು ಬರೆಯುವುದುಂಟೆ? ನಾನೇ 20 ರೂಪಾಯಿ ಸೇರಿಸಿ 110 ಎಂದು ಬರೆದೆ. ತಾಣದ ಕಮಿಷನ್ 25, ಪ್ರತಿ ಮಾರಾಟದ ನಿಗದಿತ ಶುಲ್ಕ 15, ಸಾಗಣೆ 65, ಒಟ್ಟು 105. ಈ ಸೇವೆಗಳ ಮೇಲೆ ಶೇಕಡಾ 18ರ ಜಿಎಸ್‌ಟಿ 18 ರೂಪಾಯಿ 90 ಪೈಸೆ. ಡಬ್ಬಿ, ಟೇಪು, ಚೀಟಿಗಳಿಗೆ 12. ಎಲ್ಲವನ್ನೂ ಕಳೆದರೆ ಕೈಯಲ್ಲಿ ಉಳಿಯುವುದು 4 ರೂಪಾಯಿ 10 ಪೈಸೆ!

ಇಪ್ಪತ್ತು ಪೊಟ್ಟಣಗಳಲ್ಲಿ ಒಂದು ಗಿರಾಕಿ ಸಿಗದೆ ಮರಳಿ ಬಂದು ಕೆಟ್ಟಿತೆನ್ನಿ. ಹತ್ತೊಂಬತ್ತರ ಲಾಭ 77 ರೂಪಾಯಿ 90 ಪೈಸೆ. ಕೆಟ್ಟ ಒಂದರ ನಷ್ಟ 122 ರೂಪಾಯಿ. ಅಂದರೆ ಇಪ್ಪತ್ತು ಪೊಟ್ಟಣ ಮಾಡಿಯೂ 44 ರೂಪಾಯಿ ಸಾಲ. ಇದಕ್ಕೆ ಸಂಘದ ಬಡ್ಡಿ ಸೇರಿಲ್ಲ. ಮಾರಿದ ಹಣವೂ ಅಂದೇ ಬರುವುದಿಲ್ಲ. ಅಲ್ಲಿಯವರೆಗೆ ಶೇಂಗಾ ಕೊಳ್ಳುವ ಬಂಡವಾಳ ಬೇರೆ ಬೇಕು.

ನಮ್ಮ ಸೀಮೆಗೆ ಇನ್ನೊಂದು ತೊಡಕುಂಟು. ತೆರಿಗೆ ಬೀಳುವ ಸರಕನ್ನು ಆನ್‌ಲೈನ್‌ನಲ್ಲಿ ಮಾರುವವರಿಗೆ ಮೊದಲು ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ವರ್ಷಕ್ಕೆ 40 ಲಕ್ಷ ರೂಪಾಯಿ ಮೀರದೆ ರಾಜ್ಯದೊಳಗೆ ಮಾತ್ರ ಮಾರುವವರು ಜಿಎಸ್‌ಟಿ ತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಆದರೆ ಹುಮನಾಬಾದಿಗೆ ಹತ್ತಿರದ ಮಹಾನಗರ ಹೈದರಾಬಾದು, ಬಸವಕಲ್ಯಾಣಕ್ಕೆ ನೆರೆಯೂರು ಮಹಾರಾಷ್ಟ್ರದ ಉಮರ್ಗಾ; ಬೆಂಗಳೂರಾದರೋ ಆರುನೂರು ಕಿಲೋಮೀಟರಿಗೂ ಆಚೆ. ಹತ್ತಿರದ ಗಿರಾಕಿಗೆ ಮಾರಬೇಕೆಂದರೆ ಗಡಿ ದಾಟಬೇಕು, ಗಡಿ ದಾಟಿದರೆ ನೋಂದಣಿ ಬೇಕು. ಆಗ ಲೆಕ್ಕಪತ್ರ ಬರೆಯುವವರ ಸಂಬಳ ಬರುತ್ತದೆ. ವಿವರಪತ್ರ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ನಡೆಯದ ಅವಧಿಗೂ 20 ರೂಪಾಯಿ ದಂಡ. ಅನುಕೂಲವೂ ಒಂದುಂಟು: ತಾಣದ ಶುಲ್ಕದ ಮೇಲೆ ಕೊಟ್ಟ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ನೋಂದಣಿಯಿಲ್ಲದವರಿಗೆ ಅದು ಹೋದ ಹಣವೇ.

ಖಡಕ್ ರೊಟ್ಟಿಯದು ಮತ್ತೊಂದು ಕಥೆ. ಸಾಗಣೆಯವರು ತೂಕವನ್ನಷ್ಟೇ ಅಲ್ಲ, ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 30, 30, 15ರ ಡಬ್ಬಿಯಲ್ಲಿ ಒಂದು ಕಿಲೋ ರೊಟ್ಟಿ ಇಟ್ಟರೂ ಬಾಡಿಗೆ 2.7 ಕಿಲೋಗೆ!

ಹಾಗಾದರೆ ಕೈಚೆಲ್ಲಬೇಕೆ? ಬೇಡ. ಎರಡು ಪೊಟ್ಟಣಗಳನ್ನು ಒಂದೇ ಡಬ್ಬಿಯಲ್ಲಿ 500 ರೂಪಾಯಿಗೆ ಮಾರುವುದಾಗಿ ಲೆಕ್ಕ ಹಾಕಿದೆವು. ಸರಕು 220, ಕಮಿಷನ್ 50, ನಿಗದಿತ ಶುಲ್ಕ 15, ಸಾಗಣೆ 85, ಅವುಗಳ ತೆರಿಗೆ 27, ಡಬ್ಬಿ 15. ಉಳಿದದ್ದು 88 ರೂಪಾಯಿ. ಸಹೋದರಿಯ ಮುಖ ಅರಳಿತು. ಮುಂಗಡ ಹಣ ಕೊಟ್ಟವರಿಗೆ ಮಾತ್ರ ಕಳಿಸಿದರೆ ಮರಳಿ ಬರುವ ಕಾಟವೂ ಕಡಿಮೆ.

ಒಬ್ಬರಿಗೆ ಭಾರವಾದದ್ದು ಹತ್ತು ಜನರಿಗೆ ಹಗುರ. ನೆರೆಯ ಕಲಬುರಗಿಯ ಸ್ವಸಹಾಯ ಸಂಘಗಳ ಮಹಿಳೆಯರು ದಿನಕ್ಕೆ 3,000ಕ್ಕೂ ಹೆಚ್ಚು ಜೋಳದ ರೊಟ್ಟಿ ಮಾಡುತ್ತಿರುವುದನ್ನು, ಬೆಂಗಳೂರಿನಲ್ಲಿ ಮಾರಾಟ ಕೇಂದ್ರ ತೆರೆದಿರುವುದನ್ನು 2025ರ ಜೂನ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಪ್ರಸ್ತಾಪಿಸಿದ್ದರು. ಒಂದೇ ಹೆಸರು, ಒಂದೇ ನೋಂದಣಿ, ಒಬ್ಬರೇ ಲೆಕ್ಕಿಗರು ಎಂದಾದರೆ ಖರ್ಚು ಹಂಚಿಹೋಗುತ್ತದೆ.

ಹೊರಡುವಾಗ ಆ ಸಹೋದರಿ ಲೆಕ್ಕದ ಹಾಳೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡರು. "ಸಾಲ ಐವತ್ತು ಬ್ಯಾಡ್ರಿ, ಹತ್ತ ಸಾಕು. ಸಂಘದಾಗ ಇನ್ನೂ ಮೂವರನ್ನ ಕೂಡಿಸ್ತೀನಿ" ಎಂದರು. ಸಾಲದ ಅರ್ಜಿಗೆ ರುಜು ಹಾಕುವ ಮೊದಲು ಇಂಥದೊಂದು ಹಾಳೆ ಪ್ರತಿ ಮನೆಯಲ್ಲಿಯೂ ಸಿದ್ಧವಾಗಲಿ. ಅದರ ಮೊದಲ ಸಾಲಿನಲ್ಲಿ ಮನೆಯ ಹೆಣ್ಣುಮಗಳ ಕೂಲಿ ಇರಲಿ.