ಕೇಬಲ್ ಟಿವಿ ಹಾಗೂ ಅಂತರ್ಜಾಲ ನೇರಪ್ರಸಾರ: ಕುಟುಂಬದ ಮಾಸಿಕ ವೆಚ್ಚದ ತುಲನೆ

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿ ಭಾಗದ ಕುಟುಂಬಗಳ ಮುಂದೆ ಇಂದು ಒಂದು ಪ್ರಶ್ನೆಯಿದೆ. ಕೇಬಲ್ ಸಂಪರ್ಕವನ್ನು ಉಳಿಸಿಕೊಳ್ಳಬೇಕೇ ಅಥವಾ ಅದನ್ನು ತೆಗೆಸಿ ಅಂತರ್ಜಾಲದ ಮೂಲಕವೇ ವಾಹಿನಿಗಳನ್ನು ನೋಡಬೇಕೇ ಎಂಬುದು. ಆ್ಯಪ್‌ನ ಚಂದಾ ಕಡಿಮೆ, ಕೇಬಲ್ ಬಾಡಿಗೆ ಹೆಚ್ಚು ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಈ ಸೇವೆಗಳ ಶುಲ್ಕವನ್ನು ಅಳೆಯುವ ಮಾನದಂಡವೇ ಬೇರೆ ಬೇರೆ. ಕೇಬಲ್ ಶುಲ್ಕವು ಟಿವಿಗಳ ಸಂಖ್ಯೆಯನ್ನು, ಮೊಬೈಲ್ ಡೇಟಾ ವೆಚ್ಚವು ನೋಡುವ ಗಂಟೆಗಳನ್ನು ಹಾಗೂ ಆ್ಯಪ್ ಚಂದಾ ಪ್ರಸಾರ ಸಂಸ್ಥೆಗಳ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಇವುಗಳನ್ನು ಒಟ್ಟಿಗೆ ಪರಿಗಣಿಸದೆ ಮಾಡಿದ ಹೋಲಿಕೆ ದಾರಿ ತಪ್ಪಿಸುತ್ತದೆ.

ಕೇಬಲ್ ಸೇವೆಯು 1995ರ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಅಧಿನಿಯಮಕ್ಕೆ ಒಳಪಟ್ಟಿದೆ. 2011ರ ತಿದ್ದುಪಡಿಯ ನಂತರ ಡಿಜಿಟಲ್ ವ್ಯವಸ್ಥೆ ಹಂತಹಂತವಾಗಿ ಕಡ್ಡಾಯವಾಯಿತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ರೂಪಿಸಿದ ಹೊಸ ದರ ವ್ಯವಸ್ಥೆ 2019ರ ಫೆಬ್ರುವರಿಯಿಂದ ಜಾರಿಗೆ ಬಂದು, ಗ್ರಾಹಕರು ತಮಗೆ ಬೇಕಾದ ವಾಹಿನಿಗಳನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕನ್ನು ಪಡೆದರು. 2020ರ ತಿದ್ದುಪಡಿಯಂತೆ 200 ವಾಹಿನಿಗಳವರೆಗೆ ಮೂಲ ಸಂಪರ್ಕ ಶುಲ್ಕ ಗರಿಷ್ಠ 130 ರೂ. ಎಂದು ನಿಗದಿಯಾಗಿತ್ತು. 2024ರ ಜುಲೈನಲ್ಲಿ ಈ ಮಿತಿಯನ್ನು ತೆಗೆಯಲಾಗಿದ್ದು, ಈಗ ಸೇವಾದಾರರೇ ಶುಲ್ಕವನ್ನು ಗೊತ್ತುಪಡಿಸಿ ಪ್ರಕಟಿಸಬೇಕು. ಲೆಕ್ಕದ ಅನುಕೂಲಕ್ಕೆ ಹಳೆಯ 130 ರೂ.ಗಳನ್ನೇ ಇಟ್ಟುಕೊಂಡು, ತಲಾ 19 ರೂ.ಗಳ ನಾಲ್ಕು ಕನ್ನಡ ಶುಲ್ಕ ವಾಹಿನಿಗಳನ್ನು ಸೇರಿಸಿದರೆ 206 ರೂ. ಆಗುತ್ತದೆ. ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಕೂಡಿ ಒಟ್ಟು 243 ರೂ. 8 ಪೈಸೆ. ಮನೆಯವರು ದಿನಕ್ಕೆ ಒಂದು ಗಂಟೆ ನೋಡಲಿ, ಹತ್ತು ಗಂಟೆ ನೋಡಲಿ, ಈ ಮೊತ್ತ ಬದಲಾಗುವುದಿಲ್ಲ. ವಾಣಿಜ್ಯಶಾಸ್ತ್ರದಲ್ಲಿ ಇದನ್ನೇ ಸ್ಥಿರ ವೆಚ್ಚವೆನ್ನುವುದು.

ಮೊಬೈಲ್ ಡೇಟಾದ ಸ್ವರೂಪ ಹೀಗಲ್ಲ. ನೇರಪ್ರಸಾರವು ಸೆಕೆಂಡಿಗೆ 2 ಮೆಗಾಬಿಟ್ ಪ್ರಮಾಣದಲ್ಲಿ ಬಂದರೆ ಒಂದು ಗಂಟೆಗೆ ಸುಮಾರು 0.9 ಜಿಬಿ ವ್ಯಯವಾಗುತ್ತದೆ. ದಿನಕ್ಕೆ 1.5 ಜಿಬಿ ದೊರೆಯುವ ಯೋಜನೆಯಲ್ಲಿ ಸಂಜೆ ಏಳಕ್ಕೆ ಧಾರಾವಾಹಿ ನೋಡಲು ಕುಳಿತವರ ಡೇಟಾ ಎಂಟು ಗಂಟೆ ನಲವತ್ತು ನಿಮಿಷದ ಸುಮಾರಿಗೆ ಮುಗಿದಿರುತ್ತದೆ. ರಾತ್ರಿ ಹತ್ತೂವರೆಯವರೆಗೆ ನೋಡಲು 3 ಜಿಬಿಗೂ ಹೆಚ್ಚು ಬೇಕು. ಚಿತ್ರದ ಸ್ಪಷ್ಟತೆಯನ್ನು ಹೆಚ್ಚಿಸಿದರೆ ಬಳಕೆಯೂ ಹೆಚ್ಚುತ್ತದೆ. 2024ರ ಜುಲೈ ದರ ಏರಿಕೆಯಲ್ಲಿ ಜಿಯೋ ಸಂಸ್ಥೆಯ 1.5 ಜಿಬಿ ಯೋಜನೆ 239 ರೂ.ಗಳಿಂದ 299 ರೂ.ಗೆ ಏರಿತು. ಇದರ ಅವಧಿ 28 ದಿನಗಳಾದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್‌ಗಳು ಬೇಕಾಗುತ್ತವೆ. ಇದನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 5ಜಿ ಸಂಕೇತ, 5ಜಿ ಫೋನು ಹಾಗೂ ಅದಕ್ಕೆ ಅನ್ವಯವಾಗುವ ಯೋಜನೆ ಮೂರೂ ಇರುವವರಿಗೆ ಈ ಮಿತಿ ಅಷ್ಟಾಗಿ ಬಾಧಿಸದು.

ತಂತಿಯ ಬ್ರಾಡ್‌ಬ್ಯಾಂಡ್ ಪಡೆದರೆ ಗಂಟೆಗಳ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. 2020ರಲ್ಲಿ ಪ್ರಕಟವಾದ ಜಿಯೋ ಫೈಬರ್‌ನ 399 ರೂ. ಮಾಸಿಕ ಯೋಜನೆಯನ್ನು ಉದಾಹರಣೆಗೆ ತೆಗೆದುಕೊಂಡರೆ ತೆರಿಗೆ ಸೇರಿ 470 ರೂ. 82 ಪೈಸೆ. 2025ರ ಫೆಬ್ರುವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆರಂಭವಾದಾಗ ಟಿವಿಯಲ್ಲಿಯೂ ನೋಡಬಹುದಾದ ವಾರ್ಷಿಕ ಚಂದಾ 899 ರೂ., ಅಂದರೆ ತಿಂಗಳಿಗೆ ಸುಮಾರು 75 ರೂ. ಇತ್ತು. ಎರಡೂ ಕೂಡಿ 546 ರೂ. ಸಮೀಪವಾಗಿ, ಕೇಬಲ್ ವೆಚ್ಚದ ಎರಡು ಪಟ್ಟನ್ನೂ ಮೀರುತ್ತದೆ. ಆದರೆ ಮಕ್ಕಳ ವಿದ್ಯಾಭ್ಯಾಸಕ್ಕೋ ಕಚೇರಿ ಕೆಲಸಕ್ಕೋ ಬ್ರಾಡ್‌ಬ್ಯಾಂಡ್ ಮೊದಲೇ ಇರುವ ಮನೆಯಲ್ಲಿ ಟಿವಿಗಾಗಿ ತಗಲುವ ಹೆಚ್ಚುವರಿ ವೆಚ್ಚ ಆ 2025ರ ದರದಲ್ಲಿ 75 ರೂ. ಮಾತ್ರವಾಗಿತ್ತು. ಅಲ್ಲಿ ಕೇಬಲ್ಲೇ ದುಬಾರಿ. ಒಂದೇ ಬೀದಿಯ ಎರಡು ಮನೆಗಳು ತದ್ವಿರುದ್ಧ ತೀರ್ಮಾನಕ್ಕೆ ಬಂದರೂ ಎರಡೂ ಸರಿಯಾಗಿರಬಹುದು.

ಈ ಚಂದಾದಲ್ಲಿ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ಕಾರ್ಯಕ್ರಮಗಳು ದೊರೆಯುತ್ತವೆ. ಝೀ ಕನ್ನಡಕ್ಕೆ ಝೀ5, ಉದಯ ವಾಹಿನಿಗೆ ಸನ್ ನೆಕ್ಸ್ಟ್ ಬೇಕು. ಕೇಬಲ್‌ನಲ್ಲಿ ಒಂದೇ ರಸೀದಿಯಡಿ ಬರುವ ನಾಲ್ಕು ವಾಹಿನಿಗಳು ಇಲ್ಲಿ ಮೂರು ಆ್ಯಪ್‌ಗಳಲ್ಲಿ ಹಂಚಿಹೋಗಿವೆ. ಆ್ಯಪ್ ಚಂದಾ ದರಗಳಿಗೆ ಟ್ರಾಯ್‌ನ ವಾಹಿನಿ ದರ ಆದೇಶವೂ ಅನ್ವಯವಾಗುವುದಿಲ್ಲ. 2023ರಲ್ಲಿ ಜಿಯೋಸಿನಿಮಾದಲ್ಲಿ ಉಚಿತವಾಗಿದ್ದ ಐಪಿಎಲ್ ಕ್ರಿಕೆಟ್ ನೇರಪ್ರಸಾರವು 2025ರ ವೇಳೆಗೆ ಚಂದಾ ವ್ಯವಸ್ಥೆಗೆ ಒಳಪಟ್ಟಿತೆಂಬುದನ್ನು ಗ್ರಾಹಕರು ನೆನಪಿನಲ್ಲಿಡುವುದು ಒಳಿತು.

ಕಂಪ್ಲಿಯಲ್ಲಿ ಭತ್ತದ ಕೆಲಸಕ್ಕೆ ಹೋಗುವ, ಒಂದೇ ಟಿವಿಯ ಮುಂದೆ ಐದಾರು ಮಂದಿ ಕೂಡುವ ಕುಟುಂಬಕ್ಕೆ ಕೇಬಲ್ ಇಂದಿಗೂ ಅಗ್ಗ. ತಲೆಗೆ 50 ರೂ. ಕೂಡ ಬೀಳುವುದಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಕೊಠಡಿ ಹಿಡಿದು ಒಬ್ಬರೇ ಇರುವ ಉಕ್ಕಿನ ಕಾರ್ಖಾನೆಯ ನೌಕರರಿಗೆ ಸೆಟ್‌ಟಾಪ್ ಬಾಕ್ಸ್ ಅನಗತ್ಯ. ಫೋನಿಗೆ ಹೇಗೂ ರೀಚಾರ್ಜ್ ಮಾಡಿರುತ್ತಾರೆ, ಪಾಳಿ ಮುಗಿಸಿ ಬಂದು ಒಂದು ಗಂಟೆ ನೋಡಲು ಅದು ಸಾಲುತ್ತದೆ. ಹಂಪಿಯಲ್ಲಿ ನಾಲ್ಕು ಕೊಠಡಿಗಳ ವಸತಿಗೃಹ ನಡೆಸುವವರು ಪ್ರತಿ ಟಿವಿಗೂ ಬಾಕ್ಸ್ ಇಡುವ ಬದಲು ಒಂದೇ ಬ್ರಾಡ್‌ಬ್ಯಾಂಡ್ ಪಡೆದರೆ, ಪ್ರವಾಸಿಗರು ತಮ್ಮ ತಮ್ಮ ಖಾತೆಯಿಂದಲೇ ನೋಡಿಕೊಳ್ಳುತ್ತಾರೆ. ಹೊಸಪೇಟೆಯಲ್ಲಿ ಹಳೆಯ ಟಿವಿ ಇರುವವರು ಅದನ್ನು ಅಂತರ್ಜಾಲಕ್ಕೆ ಜೋಡಿಸುವ ಉಪಕರಣದ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಈ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಡಿಡಿ ಫ್ರೀ ಡಿಶ್. ಒಮ್ಮೆ ಆಂಟೆನಾ ಮತ್ತು ಬಾಕ್ಸ್ ಖರೀದಿಸಿದರೆ ಮಾಸಿಕ ಶುಲ್ಕವಿಲ್ಲ. ಡಿಡಿ ಚಂದನ ದೊರೆಯುತ್ತದೆ, ಆದರೆ ಮೇಲೆ ಹೇಳಿದ ನಾಲ್ಕು ಶುಲ್ಕ ವಾಹಿನಿಗಳು ದೊರೆಯುವುದಿಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಕ್ರೀಡಾ ಪಂದ್ಯಗಳನ್ನು 2007ರ ಅಧಿನಿಯಮದಂತೆ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕಾಗಿದ್ದು, ಅವನ್ನು ಇಲ್ಲಿ ಹಣ ಕೊಡದೆ ನೋಡಬಹುದು. ಪ್ರಸಾರ ಭಾರತಿಯು 2024ರ ನವೆಂಬರ್‌ನಲ್ಲಿ ಆರಂಭಿಸಿದ ವೇವ್ಸ್ ಆ್ಯಪ್‌ನಲ್ಲಿಯೂ ನೇರಪ್ರಸಾರದ ವಾಹಿನಿಗಳಿವೆ. ಅದಕ್ಕೆ ಡೇಟಾ ವೆಚ್ಚ ಮಾತ್ರ ತಪ್ಪದು.

ಕೇಬಲ್ ಉಳಿಸಿಕೊಳ್ಳುವವರು ತಿಂಗಳ ಬಾಡಿಗೆಯನ್ನು ಇಡಿಯಾಗಿ ಕೊಟ್ಟು ಸುಮ್ಮನಾಗದೆ, ಮೂಲ ಶುಲ್ಕ, ವಾಹಿನಿಗಳ ದರ ಮತ್ತು ತೆರಿಗೆಯನ್ನು ಬಿಡಿಸಿ ತೋರಿಸುವ ರಸೀದಿಯನ್ನು ನಿರ್ವಾಹಕರಿಂದ ಕೇಳಿ ಪಡೆಯತಕ್ಕದ್ದು. ನೋಡದ ವಾಹಿನಿಗಳ ಗುಚ್ಛವನ್ನು ತೆಗೆಸಿ ಬೇಕಾದವನ್ನು ಮಾತ್ರ ಇರಿಸಿಕೊಳ್ಳಬಹುದು. ಕೆಲಸಕ್ಕಾಗಿ ಕೆಲವು ತಿಂಗಳು ಊರು ಬಿಡುವ ಕುಟುಂಬಗಳು ಮುಂಚಿತವಾಗಿ ಕೋರಿಕೆ ಸಲ್ಲಿಸಿ ಸಂಪರ್ಕವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿಕೊಳ್ಳಲು 2017ರ ನಿಯಮಾವಳಿಯಲ್ಲಿ ಅವಕಾಶವಿದೆ.